ಮುರಿಯದ ಪಿನ್ನು

ಮಾರ್ಚ್ 3, ಸೋಮವಾರ

ದೋಣಿಯ ಫ್ಯಾನು ಕೆಟ್ಟಿತು. ಓದಿದವರು ಅದನ್ನು ಪ್ರೊಪೆಲ್ಲರ್ ಎನ್ನುತ್ತಾರೆ. ನಾನು ಏಳನೇ ಕ್ಲಾಸಿನವನು, ನನಗೆ ಗಾಳಿಯಲ್ಲಿ ತಿರುಗಿದರೂ ಫ್ಯಾನು, ನೀರಿನಲ್ಲಿ ತಿರುಗಿದರೂ ಫ್ಯಾನು. ಏಳನೇ ಕ್ಲಾಸಾದರೂ ಅಕ್ಷರ ಮುತ್ತಿನಂತಿದೆ ಎಂದು ಮೇಷ್ಟ್ರೇ ಹೇಳಿದ್ದರು. ಈ ಪುಸ್ತಕವನ್ನು ಯಾರಿಗೂ ತೋರಿಸುವುದಿಲ್ಲ. ಆದರೂ ನನ್ನಂಥವನು ಬರೆದದ್ದು ಮುಂದೆ ಯಾರ ಕೈಗಾದರೂ ಸಿಕ್ಕರೆ ಅವರು ತಬ್ಬಿಬ್ಬಾಗಬಾರದು, ಅದಕ್ಕೆ ಬಿಡಿಸಿ ಬರೆಯುತ್ತೇನೆ.

ಜನರನ್ನು ಆಚೆ ದಡಕ್ಕೆ ದಾಟಿಸುವ ಬೆಳಗಿನ ಎರಡನೇ ಸುತ್ತು. ದೋಣಿಯಲ್ಲಿ ಎಂಟು ಜನ. ಎಂಜಿನ್ನಿನ ಹಿಡಿ ಮುಂಗುಸಿಯ ಕೈಯಲ್ಲಿತ್ತು. ಮುಂಗುಸಿ ನನ್ನ ಅಣ್ಣನ ಮಗಳು. ಮೂರು ವರ್ಷದವಳಿದ್ದಾಗ ನನ್ನ ಹೆಬ್ಬೆರಳು ಕಚ್ಚಿ ಬಿಡದೆ ಹಿಡಿದಿದ್ದಕ್ಕೆ ನಾನಿಟ್ಟ ಹೆಸರು. ಈಗ ಇಪ್ಪತ್ತಮೂರು, ಹಿಡಿದದ್ದು ಬಿಡುವ ಗುಣ ಇನ್ನೂ ಬಂದಿಲ್ಲ. ಅಣ್ಣ ನಡುವಿನ ಹಲಗೆಯ ಮೇಲೆ ನೋವಿನ ಮೊಣಕಾಲು ಚಾಚಿ ಕೂತಿದ್ದ. ನಾನು ಹಿಂದೆ, ಎಂಜಿನ್ನಿನ ಪಕ್ಕ, ನನ್ನ ಖಾಯಂ ಜಾಗದಲ್ಲಿ. ಆಚೆ ದಡ ಇನ್ನೊಂದು ಕೂಗಳತೆ ಇರುವಾಗ ಅಡಿಯಿಂದ ಧಡ್ ಎಂದಿತು. ನೀರಿನೊಳಗೆ ಮುಳುಗಿದ ಮರದ ಬೊಡ್ಡೆ. ಎಲ್ಲಿಂದಲೋ ತೇಲಿ ಬಂದು ಕೂತಿದೆ, ಕಳೆದ ವಾರ ಇರಲಿಲ್ಲ. ಎಂಜಿನ್ನು ಚಳಿಜ್ವರ ಬಂದವರ ಹಾಗೆ ನಡುಗಿತು. ಅಣ್ಣ “ಆರಿಸು, ಆರಿಸು” ಎಂದ, ಆರಿಸಿದಳು. ದಿನಾ ದಾಟುವ ಟೀಚರಮ್ಮನ ಕೊಡೆ ನೀರಿಗೆ ಬಿತ್ತು. ಬೇರೆ ಯಾರಿಗೂ ಏನೂ ಆಗಲಿಲ್ಲ. ಹುಟ್ಟು ಹಾಕಿ ದಡ ಸೇರಿದೆವು.

ಎಂಜಿನ್ನು ಎತ್ತಿ ನೋಡಿದರೆ, ಫ್ಯಾನಿನ ಮೂರು ರೆಕ್ಕೆಗಳಲ್ಲಿ ಒಂದು ನಾಯಿಯ ಕಿವಿಯಂತೆ ಮಡಚಿಕೊಂಡಿದೆ, ಇನ್ನೊಂದರ ತುದಿಯೇ ಇಲ್ಲ, ಮೂರನೆಯದರ ಅಂಚು ಇಲಿ ಕಡಿದಂತಿದೆ. ಮುಂಗುಸಿಯ ಮುಖ ಸುಣ್ಣವಾಗಿತ್ತು.

ಆದರೆ ಒಂದು ಮಾತು ಇಲ್ಲಿ ಬರೆದಿಡಲೇಬೇಕು. ಅಷ್ಟು ಪೆಟ್ಟು ಬಿದ್ದರೂ ನನ್ನ ಪಿನ್ನು ಮಿಸುಕಾಡಲಿಲ್ಲ. ಫ್ಯಾನನ್ನು ಶಾಫ್ಟಿಗೆ, ಅಂದರೆ ಎಂಜಿನ್ನು ತಿರುಗಿಸುವ ದಂಡಕ್ಕೆ, ಹಿಡಿದಿಡುವ ಬೆರಳುದ್ದದ ಕಡ್ಡಿ ಅದು. ಕಂಪನಿಯವರು ಹಿತ್ತಾಳೆಯದನ್ನು ಹಾಕಿ ಕೊಡುತ್ತಾರೆ, ಬೆಂಕಿಕಡ್ಡಿಯ ಹಾಗೆ ಲಟಕ್ಕನೆ ಮುರಿಯುತ್ತದೆ. ಜನವರಿಯಲ್ಲಿ ಒಂದೇ ವಾರದಲ್ಲಿ ಎರಡು ಹೋದವು. ನಾನು ಸುಮ್ಮನೆ ಕೂರುವವನೇ. ಹಳೆಯ ಡ್ರಿಲ್ಲಿನ ಕಡ್ಡಿ ಕತ್ತರಿಸಿ, ಅರದಿಂದ ಉಜ್ಜಿ, ಗಟ್ಟಿ ಉಕ್ಕಿನ ಪಿನ್ನು ಮಾಡಿ ಹಾಕಿದೆ. ಯಾರಿಗೂ ಹೇಳಲಿಲ್ಲ. ಎಂಜಿನ್ನಿನ ಇಲಾಖೆ ನನ್ನದು, ಗುಟ್ಟೂ ನನ್ನದು. ಇವತ್ತು ಫ್ಯಾನು ಹೋಯಿತು, ಪಿನ್ನು ನಿಂತಿತು. ಕಂಪನಿಯವರು ಬಂದು ನೋಡಿಕೊಂಡು ಹೋಗಲಿ.

ಮಾರ್ಚ್ 4, ಮಂಗಳವಾರ

ಫ್ಯಾನನ್ನು ನಾನೇ ಸರಿಮಾಡುತ್ತೇನೆಂದು ಮನೆಯಲ್ಲಿ ಸಾರಿದೆ. ಅಂಗಳದ ಕಲ್ಲಿನ ಮೇಲಿಟ್ಟು ಸುತ್ತಿಗೆ ಎತ್ತಿದೆ. ಮುಂಗುಸಿ ಎದುರು ಕೂತು ಎರಡೂ ಕೈಯಿಂದ ಒತ್ತಿ ಹಿಡಿದಳು. ಅತ್ತಿಗೆ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದರು.

“ಅಲ್ಲಯ್ಯ, ಅದನ್ನ ಹಂಗೆ ಬಡೀಬಹುದಾ?”

“ಅತ್ತಿಗೆ, ಲೋಹಕ್ಕೆ ಮಾತು ಅರ್ಥ ಆಗಲ್ಲ. ಏಟು ಅರ್ಥ ಆಗುತ್ತೆ.”

“ಚಿಕ್ಕಂದಿನಲ್ಲಿ ನಿನಗೂ ಯಾರಾದ್ರೂ ಹಿಂಗೇ ಅರ್ಥ ಮಾಡಿಸಿದ್ರೆ ಚೆನ್ನಾಗಿತ್ತು.”

ಏಳನೇ ಏಟಿಗೆ ಮಡಚಿದ ರೆಕ್ಕೆ ನೇರವಾಗುವ ಬದಲು ಬುಡದಲ್ಲಿ ಸೀಳಿತು. ಕೂದಲೆಳೆಯಷ್ಟು. ಲೋಹ ಕಳಪೆ ಎಂದೆ. ಅತ್ತಿಗೆ ಒಳಗೆ ಹೋದರು. ಅವರು ನಗುವುದು ಒಳಗೆ ಹೋದ ಮೇಲೆಯೇ.

ಮುಂಗುಸಿ ಹಾಗೇ ಕೂತಿದ್ದಳು. “ಚಿಕ್ಕಪ್ಪ, ಬೊಡ್ಡೆ ಕಾಣಲಿಲ್ಲ. ನಿಜವಾಗ್ಲೂ ಕಾಣಲಿಲ್ಲ.” ನಿನ್ನೆಯಿಂದ ಇದು ಐದನೇ ಸಲ.

“ನೀರೊಳಗಿರೋದು ಯಾರಿಗೆ ಕಾಣುತ್ತೆ, ಬಿಡೇ.”

“ನಿನಗಾದ್ರೆ ಕಾಣ್ತಿತ್ತು. ಮೂವತ್ತು ವರ್ಷದಲ್ಲಿ ಒಂದು ಸಲನೂ ತಗುಲಿಸಿಲ್ಲ ಅಂತ ನೀನೇ ಹೇಳ್ತೀಯಲ್ಲ.”

ಹೇಳುತ್ತೇನೆ, ನಿಜ. ತಗುಲಿಸಿದ್ದೂ ನಿಜ, ಒಂಬತ್ತೋ ಹತ್ತೋ ಸಲ. ಆಗೆಲ್ಲ ಹಿತ್ತಾಳೆ ಪಿನ್ನು ಮುರಿಯುತ್ತಿತ್ತು, ಸದ್ದಿಲ್ಲದೆ ಹೊಸದು ಹಾಕಿಕೊಂಡು ಬರುತ್ತಿದ್ದೆ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದನ್ನೆಲ್ಲ ಅವಳಿಗೆ ಹೇಳುವುದು ಏಕೆ. ಮಕ್ಕಳಿಗೆ ಎದುರಿಗೊಂದು ಎತ್ತರ ಇರಬೇಕು.

ಇದೇ ತಿಂಗಳ ಹದಿನೇಳಕ್ಕೆ ದೋಣಿ ಆಫೀಸಿನವರು ಅವಳ ಪರೀಕ್ಷೆಗೆ ಬರುತ್ತಾರೆ. ಪಾಸಾದರೆ ಪರವಾನಗಿ, ದೋಣಿ ಅವಳ ಕೈಗೆ. ಅಣ್ಣನಿಗೆ ಇನ್ನು ಕಾಲು ಊರಿ ಎಂಜಿನ್ನಿನ ಹಗ್ಗ ಎಳೆಯಲು ಆಗುವುದಿಲ್ಲ. ನನಗೆ ಪರವಾನಗಿ ಇಲ್ಲ, ಇಷ್ಟು ವರ್ಷ ಓಡಿಸಿದ್ದೆಲ್ಲ ಅಣ್ಣನ ಪರವಾನಗಿಯ ನೆರಳಿನಲ್ಲಿ. ನನ್ನ ಪರೀಕ್ಷೆಗೆ ಬಂದವನಿಗೆ ದೋಣಿ ಓಡಿಸುವುದು ಹೇಗೆಂದು ನಾನೇ ಪಾಠ ಮಾಡಿದೆ, ಅವನಿಗೆ ಹಿಡಿಸಲಿಲ್ಲ. ಆದ್ದರಿಂದ ಮುಂಗುಸಿಯೇ ಗತಿ. ಅವಳಿಗೂ ಬೇರೆ ಕನಸಿಲ್ಲ, ಹತ್ತು ವರ್ಷದಿಂದ ಅದೊಂದೇ ಜಪ. ಅರ್ಜಿಗೆ ದೋಣಿಯ ಮಾಲೀಕನ ಸಹಿ ಬೇಕು. ಅಣ್ಣ ಈ ವಾರ ಹಾಕುತ್ತೇನೆ ಎಂದಿದ್ದ. ಇವತ್ತು ನೋಡಿದರೆ ಅರ್ಜಿಯನ್ನು ಗೋಡೆ ಗಡಿಯಾರದ ಹಿಂದೆ ಸಿಕ್ಕಿಸಿಟ್ಟಿದ್ದಾನೆ.

ಮಾರ್ಚ್ 5, ಬುಧವಾರ

ಇಡೀ ದಿನ ಹುಟ್ಟು ಹಾಕಿದೆ. ಹನ್ನೆರಡು ಸುತ್ತು ಆಗುವ ಜಾಗದಲ್ಲಿ ಮೂರು. ನಾಲ್ಕು ಎಂದು ಹೇಳಿಕೊಂಡಿದ್ದೇನೆ. ಅಂಗೈಯಲ್ಲಿ ಬೊಬ್ಬೆ. ಪೆನ್ನು ಹಿಡಿಯಲಾಗುತ್ತಿಲ್ಲ.

ಮಾರ್ಚ್ 7, ಶುಕ್ರವಾರ

ಫ್ಯಾನನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಪೇಟೆಗೆ ಹೋದೆ. ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಒಬ್ಬ ವೆಲ್ಡಿಂಗ್ ಅಜ್ಜ ಇದ್ದಾನೆ. ಎಪ್ಪತ್ತು ದಾಟಿದೆ, ಕನ್ನಡಕದ ಒಂದು ಕಾಲಿಗೆ ತಂತಿ. ಫ್ಯಾನನ್ನು ಕೈಯಲ್ಲಿ ತಿರುಗಿಸಿ ನೋಡಿದ.

“ಇದನ್ನ ತಣ್ಣಗಿರುವಾಗ ಕಲ್ಲ ಮೇಲಿಟ್ಟು ಬಡಿದೋರು ಯಾರು?”

“ನಮ್ಮ ಕಡೆ ಒಬ್ಬ ಇದ್ದಾನೆ,” ಎಂದೆ.

ಅಜ್ಜ ಬಟ್ಟೆ ಸೋಪು ತೆಗೆದುಕೊಂಡು ರೆಕ್ಕೆಗೆಲ್ಲ ಬಳಿದ. ಸ್ನಾನ ಮಾಡಿಸುತ್ತೀಯಾ ಎಂದು ಕೇಳಬೇಕೆಂದಿದ್ದೆ, ನಾಲಿಗೆ ಕಚ್ಚಿಕೊಂಡೆ. ಆಮೇಲೆ ಬೆಂಕಿಯ ಜ್ವಾಲೆ ಹಿಡಿದ. “ಕಬ್ಬಿಣ ಆದ್ರೆ ಕೆಂಪಗಾಗಿ ಹೇಳುತ್ತೆ. ಅಲ್ಯೂಮಿನಿಯಂ ಏನೂ ಹೇಳಲ್ಲ, ಇದ್ದಕ್ಕಿದ್ದಂತೆ ಕುಸಿದುಬಿಡುತ್ತೆ. ಅದಕ್ಕೆ ಸೋಪು. ಸೋಪು ಕಪ್ಪಾಯ್ತು ಅಂದ್ರೆ ಸಾಕು ಅಂತ.” ಸೋಪು ಕಪ್ಪಾಯಿತು. ಬೆಂಕಿ ತೆಗೆದು, ಮರದ ಕೊಡತಿಯಿಂದ ಮಗುವಿನ ಬೆನ್ನು ತಟ್ಟುವಂತೆ ತಟ್ಟಿದ. ನಾಯಿಯ ಕಿವಿ ನಿಧಾನವಾಗಿ ಬಿಚ್ಚಿಕೊಂಡಿತು. ಅಂಥ ಕೈ ನಾನು ನೋಡಿಲ್ಲ. ನನ್ನದನ್ನು ಬಿಟ್ಟರೆ.

ಸೀಳಿದ ಬುಡಕ್ಕೂ ಹೋದ ತುದಿಗೂ ಲೋಹ ತುಂಬಿದ. ಅರ ಹಾಕಿದ. ಕಡ್ಡಿಯೊಂದಕ್ಕೆ ಪೋಣಿಸಿ, ಯಾವ ರೆಕ್ಕೆ ಭಾರವೆಂದು ತಿರುಗಿಸಿ ನೋಡಿದ. ಕೊನೆಗೆ ಹೇಳಿದ: “ಸಾಮಾನು ಸಾಗಿಸೋಕೆ ಅಡ್ಡಿಯಿಲ್ಲ. ಜನರನ್ನ ಕೂರಿಸ್ಕೊಂಡು ಹೋಗೋಕೆ ಇದನ್ನ ನಂಬಬೇಡಿ. ಬುಡ ಸೀಳದೆ ಇದ್ದಿದ್ರೆ ನಂಬಬಹುದಿತ್ತು.” ಹೊಸದಕ್ಕೆ ಅಳತೆ ಬರೆದುಕೊಟ್ಟ.

ಆಮೇಲೆ ಪಿನ್ನು ಕೇಳಿದ. ಮನಸ್ಸಿನಲ್ಲೇ ಮೀಸೆ ತಿರುವುತ್ತಾ ತೆಗೆದುಕೊಟ್ಟೆ. ಅಜ್ಜ ಅದನ್ನು ಬೆಳಕಿಗೆ ಹಿಡಿದ. ಅರದಿಂದ ಒಮ್ಮೆ ಗೀರಿದ. ಅರ ಜಾರಿತು.

“ಇದನ್ನ ಮಾಡಿದೋರು?”

“ಅವನೇ,” ಎಂದೆ. ದನಿ ಯಾಕೋ ಇಳಿದಿತ್ತು.

“ಪಿನ್ನಿಗೆ ಇರೋದು ಒಂದೇ ಕೆಲಸ, ಮುರಿಯೋದು. ಫ್ಯಾನು ಕಲ್ಲಿಗೋ ಮರಕ್ಕೋ ತಗುಲಿದ್ರೆ ಪಿನ್ನು ತಾನು ಮುರಿದು ಫ್ಯಾನನ್ನ ಬಿಡಿಸುತ್ತೆ. ಅದಕ್ಕೇ ಮೆತ್ತಗಿನ ಹಿತ್ತಾಳೆ ಹಾಕೋದು. ಇವನು ಉಕ್ಕು ಹಾಕಿದ್ದಾನೆ. ಮುರಿಯೋ ಬದಲು ಇದು ಪೆಟ್ಟನ್ನೆಲ್ಲ ರೆಕ್ಕೆಗೆ ದಾಟಿಸಿದೆ. ಎಂಜಿನ್ನಿನ ಗೇರು ಉಳಿದಿದ್ದೇ ಪುಣ್ಯ. ಹಿತ್ತಾಳೆ ಇದ್ದಿದ್ರೆ ಆ ಪುಣ್ಯಾತ್ಮನಿಗೆ ಒಂದು ಪಿನ್ನು ಹೋಗ್ತಿತ್ತು, ಅಷ್ಟೆ.”

ನಾನು ಕೈ ಕಟ್ಟಿಕೊಂಡು ನಿಂತಿದ್ದೆ.

“ಅವನ ಕೈಗೆ ಸುತ್ತಿಗೆ ಕೊಡಬೇಡಿ,” ಎಂದ ಅಜ್ಜ.

“ಹೇಳ್ತೀನಿ,” ಎಂದೆ.

ಹಿತ್ತಾಳೆಯ ಕಡ್ಡಿಯಿಂದ ಹತ್ತು ಪಿನ್ನು ಕತ್ತರಿಸಿ ಕಾಗದದಲ್ಲಿ ಕಟ್ಟಿಕೊಟ್ಟ. ವಾಪಸು ಬರುವಾಗ ಬಸ್ಸು ಹಳ್ಳದ ಸೇತುವೆ ದಾಟುತ್ತಿದ್ದಂತೆ ಉಕ್ಕಿನ ಪಿನ್ನು ನನ್ನ ಕೈಯಿಂದ ಜಾರಿ ಕಿಟಕಿಯಿಂದಾಚೆ ಹೋಯಿತು. ಬಸ್ಸು ಬಹಳ ಕುಲುಕುತ್ತಿತ್ತು.

ಮಾರ್ಚ್ 8, ಶನಿವಾರ

ಬರೆಯಲು ವಿಶೇಷವೇನಿಲ್ಲ. ಹೊಸ ಫ್ಯಾನಿಗೆ ಪೇಟೆಯ ಎಂಜಿನ್ ಅಂಗಡಿಗೆ ಹೇಳಿಕಳಿಸಿದೆವು. ನಾಲ್ಕೈದು ದಿನ ಆಗುತ್ತದಂತೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಅಣ್ಣ ತಟ್ಟೆ ನೋಡಿಕೊಂಡೇ ಹೇಳಿದ: “ನಾನು ಸಹಿ ಹಾಕಲ್ಲ. ಇವತ್ತು ಟೀಚರಮ್ಮನ ಕೊಡೆ, ನಾಳೆ ಯಾರದಾದ್ರೂ ಮಗು ನೀರಿಗೆ ಬಿದ್ರೆ ಏನು ಮಾಡ್ಲಿ? ದೋಣಿ ಮಾರಿಬಿಡೋಣ.”

ಅತ್ತಿಗೆ, “ಒಂದು ಸಲ ತಗುಲಿದ್ದಕ್ಕೇ?” ಎಂದರು.

“ಫ್ಯಾನು ನೋಡಿದ್ಯಾ ನೀನು? ಅದು ಸಣ್ಣ ಪೆಟ್ಟಾ? ಎಷ್ಟು ಜೋರಾಗಿ ಓಡಿಸಿರಬೇಕು.”

ಮುಂಗುಸಿ ವಾದಿಸುತ್ತಾಳೆ, ಎಲ್ಲರನ್ನೂ ಬಾಯಿ ಮುಚ್ಚಿಸುತ್ತಾಳೆ ಎಂದು ಕಾದೆ. ಅವಳು ಲೋಟದ ನೀರು ಮುಗಿಸಿ, “ಅಪ್ಪ ಹೇಳೋದು ಸರಿ. ನನ್ನ ಕೈ ಸರಿಯಿಲ್ಲ,” ಎಂದಳು. ಸೋಮವಾರದಿಂದ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುತ್ತಾಳಂತೆ. ಮೊನ್ನೆಯೇ ಕೇಳಿಕೊಂಡು ಬಂದಿದ್ದಾಳೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಎತ್ತು ಪಕ್ಕದಲ್ಲೇ ಕೂತು ಎರಡನೇ ಸಲ ಅನ್ನ ಬಡಿಸಿಕೊಂಡಿತು.

ಮಾರ್ಚ್ 10, ಸೋಮವಾರ

ನಾನು ತಲೆ ಓಡಿಸುವವನು. ಒಂದು ಉಪಾಯ ಹುಡುಕಿದೆ. ನನ್ನ ಹೆಸರೂ ಕೆಡಬಾರದು, ಅವಳ ಹೆಸರೂ ಉಳಿಯಬೇಕು.

ದೋಣಿ ನಿಲ್ಲಿಸುವ ಕಟ್ಟೆಯ ಚಹಾ ಅಂಗಡಿಯಲ್ಲಿ ಅಣ್ಣ, ಟೀಚರಮ್ಮ, ಪೋಸ್ಟ್‌ಮ್ಯಾನ್ ಎಲ್ಲ ಇದ್ದ ಹೊತ್ತು ನೋಡಿ ಶುರು ಮಾಡಿದೆ. “ಅವತ್ತು ತಗುಲಿದ್ದು ಬೊಡ್ಡೆಯಲ್ಲ. ನಾನು ಕಣ್ಣಾರೆ ನೋಡಿದೆ. ಎಮ್ಮೆಯಷ್ಟು ದಪ್ಪದ ಮೀನು. ತಾನಾಗೇ ಬಂದು ಫ್ಯಾನಿಗೆ ಬಾಯಿ ಹಾಕ್ತು.”

“ಮೀನಿನ ಕಡೆಯಿಂದ ಏನಾದ್ರೂ ಕಾಗದ ಬಂದ್ರೆ ತಂದುಕೊಡ್ತೀನಿ,” ಎಂದ ಪೋಸ್ಟ್‌ಮ್ಯಾನ್.

ಎಲ್ಲರೂ ನಕ್ಕರು. ಬಿಡಲಿಲ್ಲ ನಾನು. ಮೀನಿಗೆ ಮೀಸೆ ಇಟ್ಟೆ, ಬೆನ್ನ ಮೇಲೊಂದು ಗಾಯದ ಗುರುತು ಇಟ್ಟೆ. ಟೀಚರಮ್ಮ ಕಣ್ಣೊರೆಸಿಕೊಂಡು ನಕ್ಕರು. ಅಣ್ಣ ಮಾತ್ರ ನಗಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಹೇಳಿದ: “ಅವಳನ್ನ ಉಳಿಸೋಕೆ ನೀನು ಇಷ್ಟು ಒದ್ದಾಡ್ತೀಯ ಅಂದ್ರೆ, ಅವತ್ತು ಅವಳು ನಿಜವಾಗ್ಲೂ ನೋಡದೆ ಓಡಿಸಿರಬೇಕು. ನೀನು ಪಕ್ಕದಲ್ಲೇ ಕೂತಿದ್ದೆಯಲ್ಲ.”

ಸಂಜೆ ಮುಂಗುಸಿ ಅಂಗಡಿಯಿಂದ ಬಂದಳು. ಕತ್ತಿನಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು, ತೆಗೆಯಲು ಮರೆತಿದ್ದಳು. ಮೀನಿನ ಸುದ್ದಿ ಅಲ್ಲಿಗೂ ಮುಟ್ಟಿತ್ತು.

“ಚಿಕ್ಕಪ್ಪ, ನನಗೋಸ್ಕರ ಸುಳ್ಳು ಹೇಳಬೇಡ. ಎಲ್ಲಾರೂ ನಗ್ತಾರೆ. ನನ್ನ ತಪ್ಪು ನನಗಿರಲಿ.”

ಹೀಗೆ ಹೇಳಿ ನನ್ನ ಅಂಗೈ ಹಿಡಿದು ಬೊಬ್ಬೆ ನೋಡಿದಳು. ಒಳಗಿಂದ ಎಣ್ಣೆ ತಂದು ಹಚ್ಚಿದಳು. ಬೆಂಕಿಗೆ ಹಿಡಿದ ಸೋಪಿನ ಹಾಗೆ ಕಪ್ಪಾಗಿತ್ತು ನನ್ನ ಮುಖ ಎಂದು ಅತ್ತಿಗೆ ಆಮೇಲೆ ಹೇಳಬಹುದಿತ್ತು, ಅವರಿಗೆ ಸೋಪಿನ ವಿಷಯ ಗೊತ್ತಿಲ್ಲ.

ಮಾರ್ಚ್ 12, ಬುಧವಾರ

ಹೊಸ ಫ್ಯಾನು ಬಂತು. ಕಪ್ಪು ಬಣ್ಣ, ಹೊಳೆಯುತ್ತದೆ. ನೋಡಲು ಮನಸ್ಸಾಗಲಿಲ್ಲ.

ಮಾರ್ಚ್ 13, ಗುರುವಾರ

ಹೇಳಿಬಿಟ್ಟೆ.

ಅಣ್ಣನೂ ನಾನೂ ಊಟಕ್ಕೆ ಕೂತಿದ್ದೆವು, ಅತ್ತಿಗೆ ಬಡಿಸುತ್ತಿದ್ದರು. ಮುಂಗುಸಿ ಮಾತ್ರ ಅಂಗಡಿಯಲ್ಲಿದ್ದಳು. “ಅಣ್ಣ, ಫ್ಯಾನು ಹಾಳಾಗಿದ್ದು ನನ್ನಿಂದ,” ಎಂದೆ. ಜನವರಿ, ಹಿತ್ತಾಳೆ, ಡ್ರಿಲ್ ಕಡ್ಡಿ, ಅಜ್ಜ ಹೇಳಿದ್ದು, ಒಂದೂ ಬಿಡದೆ ಒಪ್ಪಿಸಿದೆ. ಇಷ್ಟು ನಿಜವನ್ನು ಒಂದೇ ಉಸಿರಿನಲ್ಲಿ ಹೇಳಿದ್ದು ಜೀವಮಾನದಲ್ಲಿ ಇದೇ ಮೊದಲು.

ಅಣ್ಣ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟ. ಆಮೇಲೆ, “ಮೊನ್ನೆ ಮೀನು. ಇವತ್ತು ಪಿನ್ನು,” ಎಂದ.

“ನಿಜ ಹೇಳ್ತಿದ್ದೀನಿ.”

“ಎಲ್ಲಿ, ಆ ಉಕ್ಕಿನ ಪಿನ್ನು ತೋರಿಸು.”

“ಹಳ್ಳಕ್ಕೆ ಬಿತ್ತು.”

“ಆಹಾ.”

“ಬಿದ್ದಿದ್ದಲ್ಲ, ನಾನೇ ಎಸೆದೆ.”

“ಇನ್ನೂ ಚೆನ್ನಾಗಿದೆ. ಮುಂದೆ ಹೇಳು, ಮೀನು ನುಂಗ್ತಾ ಅದನ್ನ?”

ಮೂವತ್ತು ವರ್ಷ ಬಿಟ್ಟ ಬುರುಡೆಯೆಲ್ಲ ಒಟ್ಟಿಗೆ ಬಂದು ಎದುರು ಕೂತಂತಾಯಿತು. ಏನು ಹೇಳಿದರೂ ಅಣ್ಣನಿಗೆ ಅದು ಇನ್ನೊಂದು ಕಥೆ. ಏಳಲು ಹೊರಟಿದ್ದ. ಅತ್ತಿಗೆ ಅಡುಗೆಮನೆಯ ಬಾಗಿಲಿಂದಲೇ ಹೇಳಿದರು:

“ತಾಳಿ. ಇವನು ಸುಳ್ಳು ಹೇಳುವಾಗ ಊಟ ಬಿಟ್ಟಿದ್ದನ್ನ ನಾನು ನೋಡಿಲ್ಲ. ಇವತ್ತು ತಟ್ಟೆ ನೋಡಿ.”

ಅಣ್ಣ ನನ್ನ ತಟ್ಟೆ ನೋಡಿದ. ಬಡಿಸಿದ್ದು ಬಡಿಸಿದ ಹಾಗೇ ಇತ್ತು.

“ಹಂಗಾದ್ರೆ ತೋರಿಸಲಿ,” ಎಂದ. “ಬಾಯಲ್ಲಿ ಬೇಡ.”

ಮಾರ್ಚ್ 14, ಶುಕ್ರವಾರ

ತೋರಿಸಿದೆ.

ವೆಲ್ಡಿಂಗ್ ಮಾಡಿದ ಹಳೆಯ ಫ್ಯಾನನ್ನೇ ಹಾಕಿದೆ. ಜನರನ್ನು ಕೂರಿಸಲು ನಂಬಬೇಡ ಎಂದು ಅಜ್ಜ ಹೇಳಿದ್ದ ಫ್ಯಾನು, ಬುಡದಲ್ಲಿ ನನ್ನ ಸೀಳು. ಅದು ಉಳಿದರೆ ಯಾವುದಾದರೂ ಉಳಿದೀತು. ಮುರಿದರೆ ಮುಂಗುಸಿಯ ಹೆಸರು ಶಾಶ್ವತವಾಗಿ ಹೋದಂತೆ, ಇನ್ನು ನಾನು ಬಾಯಿ ತೆರೆಯುವುದಕ್ಕೂ ಇಲ್ಲ. ಅಜ್ಜ ಕೊಟ್ಟ ಹಿತ್ತಾಳೆ ಪಿನ್ನು ಹಾಕುವಾಗ ಅಣ್ಣನ ಕಣ್ಣೆದುರಿಗೇ ಹಾಕಿದೆ. ಅವನು ಅದನ್ನು ಎರಡು ಸಲ ಉಗುರಿನಿಂದ ಗೀರಿ ನೋಡಿದ.

ಬಟ್ಟೆ ಅಂಗಡಿಗೆ ಶುಕ್ರವಾರ ಅರ್ಧ ದಿನ. ಮುಂಗುಸಿಯನ್ನು ಅತ್ತಿಗೆಯೇ ಕರೆತಂದರು, ಏನೆಂದು ಹೇಳದೆ. ಅತ್ತಿಗೆ ಕಟ್ಟೆಯಲ್ಲೇ ಉಳಿದರು, ನಾವು ಮೂವರು ದೋಣಿ ಹತ್ತಿದೆವು. ಬೊಡ್ಡೆ ಇರುವಲ್ಲಿ ಅಣ್ಣ ಅವತ್ತೇ ಒಂದು ಬಿಳಿ ಕ್ಯಾನು ಕಟ್ಟಿ ತೇಲಿಬಿಟ್ಟಿದ್ದ. ಆಚೆ ದಡದ ಮೆಟ್ಟಿಲ ಮೇಲೆ ಏಳೆಂಟು ಜನ ದೋಣಿಗೆ ಕಾಯುತ್ತಿದ್ದರು. ಪೋಸ್ಟ್‌ಮ್ಯಾನ್ ಇದ್ದ, ಟೀಚರಮ್ಮ ಇದ್ದರು.

“ಅವತ್ತು ಎಷ್ಟು ವೇಗ ಇಟ್ಟಿದ್ದೆ?” ಎಂದು ಮುಂಗುಸಿಯನ್ನು ಕೇಳಿದೆ.

“ಅರ್ಧ. ಯಾಕೆ?”

ಅರ್ಧಕ್ಕೆ ಇಟ್ಟು ಕ್ಯಾನಿನ ಕಡೆ ತಿರುಗಿಸಿದೆ.

“ಚಿಕ್ಕಪ್ಪ, ಅಲ್ಲಿ ಬೊಡ್ಡೆ ಇದೆ. ಚಿಕ್ಕಪ್ಪ.”

ತಪ್ಪಿತು. ಬೊಡ್ಡೆಯ ಪಕ್ಕದಲ್ಲೇ ಹಾದು ಹೋಯಿತು. ಮತ್ತೆ ತಿರುಗಿಸಿ ಬಂದೆ, ಮತ್ತೆ ತಪ್ಪಿತು. ಬೇಡವಾದಾಗ ತಾನಾಗಿ ತಗುಲುವ ಮರ, ಬೇಕೆಂದಾಗ ನಾಚಿಕೊಳ್ಳುತ್ತದೆ. ಮೆಟ್ಟಿಲ ಮೇಲಿನವರು ಎದ್ದು ನಿಂತಿದ್ದರು. “ಏನ್ರೀ, ಮೀನು ಹುಡುಕ್ತಿದ್ದೀರಾ?” ಎಂದು ಪೋಸ್ಟ್‌ಮ್ಯಾನ್ ಕೂಗಿದ. ಮೂರನೇ ಸಲ ನೇರ ಕ್ಯಾನಿನ ಮೇಲೇ ಬಿಟ್ಟೆ.

ಟಪ್ ಎಂದಿತು. ಎಂಜಿನ್ನು ಒಮ್ಮೆಲೇ ಕಿರುಚಿಕೊಂಡಿತು, ಕಟ್ಟು ಬಿಚ್ಚಿದ ಎತ್ತಿನಂತೆ, ದೋಣಿ ಮಾತ್ರ ಮುಂದಕ್ಕೆ ಹೋಗಲಿಲ್ಲ. ಆರಿಸಿದೆ. ಎಂಜಿನ್ನನ್ನು ಮೇಲಕ್ಕೆತ್ತಿದೆ.

ಮೂರೂ ರೆಕ್ಕೆ ಇದ್ದ ಹಾಗೇ ಇದ್ದವು. ಒಂದರ ಅಂಚಿನಲ್ಲಿ ಉಗುರಿನ ಗೀರಿನಷ್ಟು ಗುರುತು. ಬುಡದ ಬೆಸುಗೆಯೂ ಬಿಟ್ಟಿರಲಿಲ್ಲ. ಅಣ್ಣ ಮೊಣಕಾಲು ಮರೆತು ಎದ್ದು ಬಂದು ಬಗ್ಗಿ ನೋಡಿದ. ಫ್ಯಾನನ್ನು ಬೆರಳಿನಿಂದ ತಿರುಗಿಸಿದ, ಬುಗುರಿಯಂತೆ ಸುಮ್ಮನೆ ತಿರುಗಿತು. ಪಿನ್ನು ಒಳಗೆ ಮೂರು ತುಂಡಾಗಿತ್ತು.

“ಅವತ್ತು ಇದು ಇರಲಿಲ್ಲ,” ಎಂದೆ ಮುಂಗುಸಿಗೆ. “ನಾನು ಉಕ್ಕಿನದು ಹಾಕಿದ್ದೆ, ಯಾರಿಗೂ ಹೇಳದೆ. ಹಿತ್ತಾಳೆ ಇದ್ದಿದ್ರೆ ಅವತ್ತೂ ಇಷ್ಟೇ ಆಗ್ತಿತ್ತು. ನೀನು ತಗುಲಿಸಿದ್ದು ಎಲ್ಲಾರೂ ತಗುಲಿಸೋ ಹಂಗೆ. ನಾನೂ ಹತ್ತು ಸಲ ತಗುಲಿಸಿದ್ದೀನಿ.”

ದಡದವರಿಗೂ ಕೇಳಿಸಿರಬೇಕು. ನನ್ನ ದನಿ ಮೊದಲೇ ದೊಡ್ಡದು.

ಅವಳು ನನ್ನನ್ನು ಸರಿಸಿ ಎಂಜಿನ್ನಿನ ಮೇಲೆ ಬಗ್ಗಿದಳು. ನಟ್ಟು ಬಿಚ್ಚಿ, ಫ್ಯಾನು ಎಳೆದು, ತುಂಡುಗಳನ್ನು ತಟ್ಟಿ ಹೊರಗೆ ಹಾಕಿ, ಹೊಸ ಪಿನ್ನು ಕೂರಿಸಿದಳು. ನೀರಿಗೆ ಒಂದು ವಾಷರನ್ನೂ ಬೀಳಿಸಲಿಲ್ಲ. ನಾನು ಅಷ್ಟೇ ಕೆಲಸಕ್ಕೆ ಎರಡರಷ್ಟು ಹೊತ್ತು ತೆಗೆದುಕೊಳ್ಳುತ್ತೇನೆ. ಕೈ ಒರೆಸಿಕೊಂಡು ಕೇಳಿದಳು:

“ನಿನಗೆ ಯಾವಾಗ ಗೊತ್ತಾಯ್ತು?”

“ಶುಕ್ರವಾರ.”

“ಇವತ್ತಾ?”

“ಹೋದ ಶುಕ್ರವಾರ.”

“ಒಂದು ವಾರ,” ಎಂದಳು. “ಒಂದು ವಾರ ನನ್ನ ಎದುರಿಗೇ ಕೂತು ಊಟ ಮಾಡಿದ್ಯಲ್ಲ, ಚಿಕ್ಕಪ್ಪ.”

ಆಮೇಲೆ ಹಗ್ಗ ಎಳೆದು ಎಂಜಿನ್ನು ಶುರು ಮಾಡಿದಳು. ಆಚೆ ದಡದವರಿಗೆ ಸ್ವಲ್ಪ ತಾಳಿ ಎಂದು ಕೈ ತೋರಿಸಿ, ದೋಣಿಯನ್ನು ನಮ್ಮ ಕಟ್ಟೆಗೆ ತಂದಳು. ಹಿಡಿ ಅವಳ ಕೈಯಲ್ಲೇ ಇತ್ತು, ಅಣ್ಣ ಬೇಡ ಎನ್ನಲಿಲ್ಲ. ಹೊಸ ಫ್ಯಾನು ಹಾಕಿದಳು. ಮತ್ತೆ ಹೋಗಿ ಅವರನ್ನೆಲ್ಲ ಕರೆತಂದಳು.

ಮನೆಗೆ ಬಂದು ಅಣ್ಣ ಗಡಿಯಾರದ ಹಿಂದಿನ ಅರ್ಜಿ ತೆಗೆದು ಸಹಿ ಹಾಕಿದ.

ಮಾರ್ಚ್ 15, ಶನಿವಾರ

ಮುಂಗುಸಿ ಮಾತಾಡಿಸುತ್ತಿಲ್ಲ.

ಮಾರ್ಚ್ 16, ಭಾನುವಾರ

ಇವತ್ತೂ ಇಲ್ಲ. ಬೊಬ್ಬೆಗೆ ಎಣ್ಣೆ ನಾನೇ ಹಚ್ಚಿಕೊಂಡೆ. ಪೋಸ್ಟ್‌ಮ್ಯಾನ್ ನನ್ನನ್ನು ಕಂಡಾಗಲೆಲ್ಲ “ಹತ್ತು ಸಲನಾ, ಹನ್ನೊಂದಾ?” ಎಂದು ಕೇಳುತ್ತಾನೆ. ಹತ್ತು ಎಂದು ಹೇಳುತ್ತೇನೆ. ಸರಿಯಾಗಿ ಎಣಿಸಿದರೆ ಹನ್ನೆರಡು. ಅದನ್ನೂ ಹೇಳಿಬಿಡಬೇಕು.

ಅತ್ತಿಗೆಯ ಹತ್ತಿರ, “ಅವಳಿಗೆ ಸ್ವಲ್ಪ ಹೇಳಿ,” ಎಂದೆ.

“ಏನು ಹೇಳ್ಲಿ? ಅವಳು ಹಿಡಿದದ್ದು ಬಿಡೋಳಲ್ಲ. ಕೋಪನೂ ಅಷ್ಟೆ. ಕಾಯಿ.”

ಮಾರ್ಚ್ 17, ಸೋಮವಾರ

ಪರೀಕ್ಷೆ. ಆಫೀಸಿನವನು ದೋಣಿಯಲ್ಲಿ ಅವಳ ಜೊತೆ ಒಬ್ಬನೇ ಕೂತ. ಬೇರೆ ಯಾರೂ ಹತ್ತುವ ಹಾಗಿಲ್ಲವಂತೆ. ನಾನು ಕಟ್ಟೆಯ ಕೊನೆಯಲ್ಲಿ ನಿಂತೆ. ಹೋದರು, ಬಂದರು, ನಡುನೀರಿನಲ್ಲಿ ನಿಂತರು, ಎಂಜಿನ್ನು ಎತ್ತಿಸಿದ, ಇಳಿಸಿದ, ಏನೋ ಬರೆದುಕೊಂಡ. ಇಲ್ಲಿಂದ ನಾನು ಎರಡು ಕಡೆ ಕೈಸನ್ನೆ ಮಾಡಿ ತಿದ್ದಬಹುದಿತ್ತು. ಕೈ ಜೇಬಿನಲ್ಲಿಟ್ಟುಕೊಂಡೆ.

ಪಾಸು. ಮುಂಗುಸಿ ಹೇಳಿದ್ದು ಅಣ್ಣನಿಗೆ ಮತ್ತು ಅತ್ತಿಗೆಗೆ. ನಾನೂ ಅಲ್ಲೇ ಇದ್ದೆ, ಕಿವಿಗೆ ಬಿತ್ತು, ಅಷ್ಟೇ ಸಾಕು.

ಆಫೀಸಿನವನು ಹೊರಡುವಾಗ, “ಚೆನ್ನಾಗಿ ಕಲಿಸಿದ್ದೀರಿ, ಯಾರು ಕಲಿಸಿದ್ದು?” ಎಂದು ಕೇಳಿದ. ಎಲ್ಲರೂ ನನ್ನ ಕಡೆ ನೋಡಿದರು. ಅವರಪ್ಪ ಎಂದೆ. ಅವನಿಗೆ ಬಸ್ಸಿನ ಹೊತ್ತಾಗಿತ್ತು, ಜಾಸ್ತಿ ವಿವರಿಸಲು ಸಮಯ ಇರಲಿಲ್ಲ.

ಮಾರ್ಚ್ 19, ಬುಧವಾರ

ಇವತ್ತಿನಿಂದ ದೋಣಿ ಅವಳದು, ಬಟ್ಟೆ ಅಂಗಡಿಗೆ ನಿನ್ನೆಯೇ ಕೊನೆ. ಬೆಳಗಿನ ಮೊದಲ ಸುತ್ತಿಗೆ ಹನ್ನೊಂದು ಜನ. ಅಣ್ಣ ಮನೆಯಲ್ಲೇ ಉಳಿದ. ಕಟ್ಟೆಗೆ ಬಂದರೆ ಬಾಯಿ ಸುಮ್ಮನಿರುವುದಿಲ್ಲ ಎಂದು ಅವನೇ ಹೇಳಿದನಂತೆ. ನಾನು ಬಂದು ಮೆಟ್ಟಿಲ ಮೇಲೆ ನಿಂತೆ, ಹತ್ತಲೋ ಬೇಡವೋ ಎಂದು. ಹಿಂದಿನ ನನ್ನ ಜಾಗದಲ್ಲಿ ಪೆಟ್ರೋಲ್ ಕ್ಯಾನು ಇಟ್ಟಿದ್ದಳು.

ಒಬ್ಬೊಬ್ಬರನ್ನೇ ಕೂರಿಸುತ್ತಿದ್ದಳು. “ಟೀಚರ್, ನೀವು ಎಡಕ್ಕೆ. ಆ ಚೀಲ ನಡುವೆ ಬರಲಿ. ಪೋಸ್ಟಣ್ಣ, ನೀವು ಇತ್ತ ಬನ್ನಿ, ಅತ್ತ ಭಾರ ಆಯ್ತು.” ಎಲ್ಲರೂ ಹೇಳಿದಲ್ಲಿ ಕೂತರು. ಆಮೇಲೆ ಹಗ್ಗ ಬಿಚ್ಚಲು ಬಗ್ಗಿದವಳು, ತಲೆ ಎತ್ತದೆ ಹೇಳಿದಳು:

“ಚಿಕ್ಕಪ್ಪ, ಮುಂದೆ ಹೋಗಿ ಕೂತ್ಕೋ. ನೀರಲ್ಲಿ ಏನಾದ್ರೂ ಕಂಡ್ರೆ ಕೈ ಎತ್ತು.”

ಐದು ದಿನದ ಮೇಲೆ ಮೊದಲ ಮಾತು. ಸುಮ್ಮನೆ ಹೋಗಿ ಕೂರಬೇಕಿತ್ತು. ಯಾಕೋ ಬಾಯಿಂದ ಇನ್ನೊಂದು ನಿಜ ಬಂದುಬಿಟ್ಟಿತು.

“ನನಗೆ ದೂರದ್ದು ಅಷ್ಟು ಕಾಣಲ್ಲ ಕಣೇ. ನಾಲ್ಕೈದು ವರ್ಷ ಆಯ್ತು.”

“ಗೊತ್ತು,” ಎಂದಳು. “ಹತ್ತಿರ ಬಂದಾಗ ಎತ್ತು.”

ಹೋಗಿ ಕೂತೆ. ಮೂವತ್ತು ವರ್ಷವೂ ಹಿಂದುಗಡೆಯೇ ಕೂತವನಿಗೆ ಮುಂದುಗಡೆ ಗಾಳಿ ಇಷ್ಟು ತಣ್ಣಗಿರುತ್ತದೆ ಎಂದು ಗೊತ್ತಿರಲಿಲ್ಲ. ಆಚೆ ದಡ ಬರುವವರೆಗೂ ನೀರನ್ನೇ ನೋಡುತ್ತಿದ್ದೆ. ಎರಡು ಸಲ ಕೈ ಎತ್ತಿದೆ. ಒಂದು ಸಲ ಬರೀ ನೊರೆ, ಇನ್ನೊಂದು ಸಲ ಹಾರಿಹೋದ ಹಕ್ಕಿಯ ನೆರಳು. ಜನ ನಕ್ಕರು.

ಎರಡು ಸಲವೂ ಅವಳು ಎಂಜಿನ್ನು ನಿಧಾನ ಮಾಡಿದಳು.